ಹಳೆಯ ಕೋವಿಗಳ ತುಕ್ಕು ಮತ್ತು ಗೀರು ದುರಸ್ತಿ ಕ್ರಮದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಮೇಲ್ಮೈ ತುಕ್ಕು ಅಥವಾ ಸಣ್ಣ ಗೀರು ಬಿದ್ದ ಹಳೆಯ ಕೋವಿಯ ನಳಿಗೆಯನ್ನು ಬಫಿಂಗ್ ಚಕ್ರಕ್ಕೆ ಹಿಡಿದು, ಇದ್ದ ಬ್ಲೂಯಿಂಗನ್ನು (ಉಕ್ಕಿನ ಮೇಲಿನ ಕಪ್ಪು ಬಣ್ಣದ ಪದರವನ್ನು) ಪೂರ್ತಿ ತೆಗೆದು ಹೊಸದಾಗಿ ಹಾಕಿಕೊಡುವ ಕೆಲಸವನ್ನು ಈ ಮಳೆಗಾಲದಿಂದ ನಮ್ಮ ಅಂಗಡಿಯಲ್ಲಿ ನಿಲ್ಲಿಸಿದ್ದೇವೆ. ಇನ್ನು ಮುಂದೆ ಹಳೆಯ ಬಣ್ಣವನ್ನು ಉಳಿಸಿಕೊಂಡು ತುಕ್ಕನ್ನಷ್ಟೇ ತೆಗೆದುಕೊಡುತ್ತೇವೆ. ಕೊಡಗಿನ ಮನೆತನದ ಕೋವಿಗಳನ್ನು ಹೊಸದರಂತೆ ಹೊಳೆಯಿಸಿ ಕೊಡಿ ಎನ್ನುವವರೇ ಹೆಚ್ಚಾಗಿರುವುದರಿಂದ ಕಾರಣವನ್ನು ತಿಳಿಸುತ್ತಿದ್ದೇವೆ.

ಉಕ್ಕಿನ ಮೇಲ್ಮೈಯೇ ಕಪ್ಪು ಆಕ್ಸೈಡ್ ಆಗಿ ಮಾರ್ಪಟ್ಟ ಅತಿ ತೆಳುವಾದ ಪದರಕ್ಕೆ ಬ್ಲೂಯಿಂಗ್ ಎನ್ನುತ್ತಾರೆ. ಅದನ್ನು ಉಜ್ಜಿ ತೆಗೆಯುವಾಗ ಅದರೊಂದಿಗೆ ಲೋಹವೂ ಸವೆಯುತ್ತದೆ, ಕೆತ್ತನೆಯ ಅಂಚು ಮೊಂಡಾಗುತ್ತದೆ, ತಯಾರಕರ ಹೆಸರು ಮತ್ತು ಸಂಖ್ಯೆ ಮಾಸುತ್ತವೆ. ಕೋವಿಯ ಗುರುತಿನ ಸಂಖ್ಯೆಯನ್ನು ಅಳಿಸುವುದು 1959ರ ಆಯುಧ ಕಾಯ್ದೆಯ 8ನೇ ಕಲಮಿನಂತೆ ನಿಷಿದ್ಧ. ಜೋಡಿ ನಳಿಗೆಯ ಕೋವಿಗಳಲ್ಲಿ ಇನ್ನೊಂದು ತೊಡಕಿದೆ: ಹೊಸ ಬ್ಲೂಯಿಂಗ್ ಹಾಕಲು ಬಳಸುವ, ಸುಮಾರು 140 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುವ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ದ್ರಾವಣವು ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಹಿಡಿದಿರುವ ತವರ-ಸೀಸದ ಬೆಸುಗೆಯನ್ನು ತಿನ್ನುವುದಲ್ಲದೆ, ಪಟ್ಟಿಯ ಅಡಿಯಲ್ಲಿ ಸಿಕ್ಕಿಕೊಂಡ ಲವಣವು ತಿಂಗಳುಗಳ ನಂತರ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ.

ಹೊಸ ಕ್ರಮದಲ್ಲಿ ನಳಿಗೆಗೆ ತೆಳುವಾದ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಮರುದಿನ ನಾಲ್ಕು ಸೊನ್ನೆಯ (0000, ಅತಿ ನಯವಾದ ಎಳೆಯ) ಸ್ಟೀಲ್ ವುಲ್ಲನ್ನು ಎಣ್ಣೆಯಲ್ಲಿ ಅದ್ದಿ ಕೈಯಲ್ಲೇ ಹಗುರವಾಗಿ ಉಜ್ಜುತ್ತೇವೆ. ಕೆಂಪು ಪುಡಿ ಎಣ್ಣೆಯೊಂದಿಗೆ ಎದ್ದು ಬರುತ್ತದೆ, ಕಪ್ಪು ಬಣ್ಣ ಬಹುಪಾಲು ಉಳಿಯುತ್ತದೆ. ಪಾತ್ರೆ ತಿಕ್ಕುವ ನಾರನ್ನು ಮಾತ್ರ ದಯವಿಟ್ಟು ಮನೆಯಲ್ಲಿ ಪ್ರಯೋಗಿಸಬೇಡಿ. ಅದು ಮಾಡುವ ಗೀರು ತುಕ್ಕಿಗಿಂತ ಕೆಟ್ಟದು. ತುಕ್ಕು ಹರಡಿಕೊಂಡಿದ್ದರೆ ನಳಿಗೆಯ ಜಿಡ್ಡು ತೆಗೆದು ಬಟ್ಟಿ ಇಳಿಸಿದ ನೀರಿನಲ್ಲಿ ಅರ್ಧ ಗಂಟೆ ಕುದಿಸುತ್ತೇವೆ. ಆಗ ಕೆಂಪು ತುಕ್ಕು ಕಪ್ಪು ಆಕ್ಸೈಡಿಗೆ ತಿರುಗುತ್ತದೆ. ಮೇಲೆ ಸಡಿಲವಾಗಿ ನಿಂತದ್ದನ್ನು ಒರೆಸಿ ತೆಗೆದರೆ ಸಾಕು. ಗುಳಿ ಬಿದ್ದ ಜಾಗ ಗುಳಿಯಾಗಿಯೇ ಉಳಿಯುತ್ತದೆ.

ಗೀರುಗಳಿಗೆ ಸೆಲೆನಿಯಂ ಲವಣದ ಕೋಲ್ಡ್ ಬ್ಲೂ (ಬಿಸಿ ಮಾಡದೆ ಕಪ್ಪು ಬಣ್ಣ ಬರಿಸುವ) ದ್ರಾವಣವನ್ನು ಹತ್ತಿಯ ತುದಿಯಿಂದ ಗೀರಿನ ಮೇಲಷ್ಟೇ ಹಚ್ಚುತ್ತೇವೆ. ಇದು ಸುತ್ತಲಿನ ಬಣ್ಣಕ್ಕೆ ನೂರಕ್ಕೆ ನೂರು ಹೊಂದುವುದಿಲ್ಲ, ಹಿಡಿಯುವ ಜಾಗದಲ್ಲಿ ಬೇಗ ಸವೆಯುತ್ತದೆ, ತುಕ್ಕನ್ನೂ ಅಷ್ಟಾಗಿ ತಡೆಯುವುದಿಲ್ಲ. ಗೀರು ಕಣ್ಣಿಗೆ ಹೊಡೆಯದಂತೆ ಮಾಡುವುದಷ್ಟೇ ಇದರ ಕೆಲಸ. ಬಣ್ಣವೇ ಉಳಿಯದ ನಳಿಗೆಗೆ, ಮಾಲೀಕರು ಬರೆದುಕೊಟ್ಟರೆ, ಹಳೆಯ ಕಾಲದ ನಿಧಾನ ಬ್ಲೂಯಿಂಗ್ ಮಾಡುತ್ತೇವೆ. ತುಕ್ಕು ಹಿಡಿಸುವುದು, ಕುದಿಸುವುದು, ಉಜ್ಜುವುದು ಹಲವು ಸುತ್ತು ನಡೆಯಬೇಕಾದ್ದರಿಂದ ಎರಡು ವಾರ ಬೇಕಾಗುತ್ತದೆ.

ಸೆಪ್ಟೆಂಬರಿನಲ್ಲಿ ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದ ನಂತರ ಬರುವ ಕೋವಿಗಳಲ್ಲಿ ನಳಿಗೆಯ ತುದಿಯಲ್ಲಿ ಉಂಗುರದಂತೆ ತುಕ್ಕು ಕಾಣುವುದುಂಟು. ಪೂಜೆಗೆಂದು ಅಲ್ಲಿ ಸಿಕ್ಕಿಸಿದ ತೋಕ್ ಪೂ ಎಂಬ ಹೂವಿನ ಹಸಿ ತೊಟ್ಟು ಮತ್ತು ಬಳಿದ ಗಂಧ ಇದಕ್ಕೆ ಕಾರಣ. ಪೂಜೆ ಮುಗಿದ ದಿನವೇ ಹೂ ತೆಗೆದು, ಗಂಧ ಒರೆಸಿ, ಎಣ್ಣೆಯ ಬಟ್ಟೆಯನ್ನು ಆಡಿಸಿದರೆ ನಮ್ಮಲ್ಲಿಗೆ ಬರುವ ಅರ್ಧ ಕೆಲಸ ತಪ್ಪುತ್ತದೆ. ಚರ್ಮದ ಚೀಲ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮಳೆಗಾಲದಲ್ಲಿ ಕೋವಿಯನ್ನು ಅದರೊಳಗೆ ಇಡಬೇಡಿ.

ಕೋವಿಯನ್ನು ತೋಟಾ ತೆಗೆದು, ಪರವಾನಗಿ ಅಥವಾ ವಿನಾಯಿತಿ ಪತ್ರದೊಂದಿಗೆ ತರಬೇಕು. ದುರಸ್ತಿಗೆ ಮುನ್ನ ಸಂಖ್ಯೆಯನ್ನು ನಿಮ್ಮೆದುರೇ ಪುಸ್ತಕದಲ್ಲಿ ದಾಖಲಿಸಿ, ಖರ್ಚಿನ ಅಂದಾಜನ್ನು ಬರೆದು ಕೊಡುತ್ತೇವೆ. ಹಬ್ಬಕ್ಕೆ ಬೇಕಾದವರು ಆಗಸ್ಟ್ 10ರೊಳಗೆ ತಲುಪಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿಗಳು,
ಕೋವಿ ದುರಸ್ತಿ ವಿಭಾಗ