ಪುಟ್ಟಿಗೆ, ಆ 1010ರ ಬಗ್ಗೆ

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿದ್ದಾಳೆ, ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದ ಎರಡನೇ ಪುಟದಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿ ಬಗ್ಗೆ ಒಂದು ಸಾಲಿದೆಯಲ್ಲ, ಅದು ಎರಡು ರಾತ್ರಿಯಿಂದ ನನ್ನ ನಿದ್ದೆ ಕೆಡಿಸಿದೆ. ‘ಎಸ್‌ಎಟಿಯಲ್ಲಿ 1010 ಬಂತು ದೊಡ್ಡಮ್ಮ. ಇನ್ನು ನನ್ನನ್ನ ಯಾರೂ ನೀರಿಗೆ ಇಳಿಸಲ್ಲ ಅನ್ಸುತ್ತೆ.’ ಬೆಳಗ್ಗೆ ಐದಕ್ಕೆ ಎದ್ದು ಈಜಲು ಪೂಲಿಗೆ ಹೋಗುವ ಹುಡುಗಿ ಬರೆಯುವ ಮಾತಾ ಇದು?

ಮೊದಲು ಅದಕ್ಕೇ ಉತ್ತರ ಕೊಡುತ್ತೇನೆ. ಕಾಲೇಜಲ್ಲಿ ಆಡಲು ಅರ್ಹತೆ ನೋಡುವುದು ಎನ್‌ಸಿಎಎ, ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ. 2023ರ ಜನವರಿಯಲ್ಲಿ ಅವರು ಕಾಲೇಜು ಆಟದ ಮೇಲಿನ ಎರಡು ಹಂತಗಳಾದ ಡಿವಿಷನ್ ಒಂದಕ್ಕೂ ಎರಡಕ್ಕೂ ಎಸ್‌ಎಟಿ ಅಥವಾ ಅದರಂಥದೇ ಪರೀಕ್ಷೆ ಎಸಿಟಿಯ ಅಂಕ ಬೇಕು ಅನ್ನುವುದನ್ನೇ ತೆಗೆದುಹಾಕಿದರು. ಅರ್ಹತೆ ವಿಷಯದಲ್ಲಿ ಆ 1010 ಲೆಕ್ಕಕ್ಕೇ ಇಲ್ಲ. ಈ ಸಾಲನ್ನು ಇನ್ನೊಂದು ಸಲ ಓದು.

ನನಗೇಕೆ ಇಷ್ಟು ತಳಮಳ ಅಂದರೆ, ಅಂಕ ಬೇಕೇ ಬೇಕು ಅನ್ನುವ ಹಳೆಯ ನಿಯಮ ಬಂದಾಗ ನಾನು ಇಲ್ಲೇ ಅಟ್ಲಾಂಟಾದ ಒಂದು ಹೈಸ್ಕೂಲಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅದನ್ನು ಪ್ರೊಪೊಸಿಷನ್ 48 ಅನ್ನುತ್ತಿದ್ದರು. ಜಾರಿಯಾಗಿದ್ದು 1986ರಲ್ಲಿ. ಹೈಸ್ಕೂಲಿನ ಹನ್ನೊಂದು ಮುಖ್ಯ ಕೋರ್ಸುಗಳಲ್ಲಿ 2.0 ಗ್ರೇಡ್ ಸರಾಸರಿ, ಜೊತೆಗೆ ಎಸ್‌ಎಟಿಯಲ್ಲಿ 700. ಎರಡರಲ್ಲಿ ಒಂದು ತಪ್ಪಿದರೂ ಮೊದಲ ವರ್ಷ ಆಟವಿಲ್ಲ, ಪ್ರಾಕ್ಟೀಸೂ ಇಲ್ಲ. ಆಡಬಹುದಾದ ನಾಲ್ಕು ವರ್ಷದಲ್ಲಿ ಒಂದು ಹೋದ ಹಾಗೆ.

ನನ್ನ ಕ್ಲಾಸಲ್ಲಿ ಒಬ್ಬ ಬಾಸ್ಕೆಟ್‌ಬಾಲ್ ಹುಡುಗ ಇದ್ದ. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು, ಅಷ್ಟೆತ್ತರ. ಒಂದು ಸಂಜೆ ಎಸ್‌ಎಟಿ ಅಭ್ಯಾಸದ ಪುಸ್ತಕ ಹಿಡಿದು ಬಂದ. ಅದರಲ್ಲೊಂದು ಪ್ರಶ್ನೆ: ಓಟಗಾರನಿಗೆ ಮ್ಯಾರಥಾನ್ ಹೇಗೋ, ದೋಣಿಗೆ ಹುಟ್ಟು ಹಾಕುವವನಿಗೆ ಯಾವುದು? ಉತ್ತರ ರೆಗಾಟಾ, ಅಂದರೆ ದೋಣಿ ಪಂದ್ಯ. ಆಮೇಲೆ ತುಂಬಾ ಚರ್ಚೆಗೆ ಬಂದ ಪ್ರಶ್ನೆ ಅದು. ದೋಣಿ ಪಂದ್ಯ ನೋಡದ ಮಕ್ಕಳಿಗೆ ಅದು ಹೇಗೆ ಗೊತ್ತಾಗಬೇಕು ಅಂತ. ಶ್ರೀರಂಗಪಟ್ಟಣದಲ್ಲಿ ಬೆಳೆದ ನನಗೆ ಹರಿಗೋಲು ಗೊತ್ತಿತ್ತು, ರೆಗಾಟಾ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದುಬಿಡಬಹುದಿತ್ತು. ಟೀಚರ್ ಅಲ್ವಾ, ಬಿಗುಮಾನ. ‘ಡಿಕ್ಷನರಿ ನೋಡು, ಆಟ ಸ್ವಲ್ಪ ಕಡಿಮೆ ಮಾಡು’ ಅಂದೆ. ಪುಸ್ತಕ ಮುಚ್ಚಿಕೊಂಡು ಹೋದ. ಮತ್ತೆ ಕೇಳಲು ಬರಲಿಲ್ಲ.

ಅವನಿಗೆ 680 ಬಂತು. ಇಪ್ಪತ್ತು ಕಡಿಮೆ. ಮುಂದಿನ ಚಳಿಗಾಲ ರಜೆಯಲ್ಲಿ ನಮ್ಮ ಶಾಲೆಗೆ ಬಂದಿದ್ದ. ಜಿಮ್ಮಿನಲ್ಲಿ ಹುಡುಗರು ಆಡುತ್ತಿದ್ದರು, ಇವನು ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ಕೋಟಿನ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದ.

1989ರ ಜನವರಿಯಲ್ಲಿ ಅಂಥ ಮಕ್ಕಳ ಸ್ಕಾಲರ್‌ಶಿಪ್ಪನ್ನೂ ಕಿತ್ತುಕೊಳ್ಳುವ ನಿಯಮ ಬಂದಾಗ ಜಾರ್ಜ್‌ಟೌನ್ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ ಅದನ್ನು ಪ್ರತಿಭಟಿಸಿ ಪಂದ್ಯ ಶುರುವಾಗುವ ಹೊತ್ತಿಗೆ ಅಂಗಳ ಬಿಟ್ಟು ಎದ್ದು ಹೋದರು. ಟಿವಿಯಲ್ಲಿ ನೋಡುತ್ತಾ ನನಗೆ ಆ ಮುಚ್ಚಿದ ಪುಸ್ತಕವೇ ನೆನಪಾಯಿತು. ಅವರು ಎದ್ದು ಹೋದರು, ನಾನು ಕೂತ ಜಾಗದಿಂದ ಏಳಲಿಲ್ಲ. ಈಗ ನಿನ್ನ ಸಾಲು ಓದಿದಾಗಲೂ ಅದೇ.

ಎಲ್ಲಿಗೋ ಹೋದೆ, ಬೇಜಾರು ಮಾಡ್ಕೋಬೇಡ.

ಸುಮ್ನೆ ಧೈರ್ಯ ಹೇಳಿ ಕೈ ತೊಳೆದುಕೊಳ್ಳಲಾರೆ. ಈಜಲು ಅಂಕ ಬೇಡ, ಆದರೆ ಸೀಟು ಕೊಡಲು ಕೆಲವು ಕಾಲೇಜುಗಳು ಕೇಳುತ್ತವೆ. ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತು, ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿಯೂ ಆಮೇಲೆ ಅದೇ ದಾರಿ ಹಿಡಿಯಿತು. ನಿನ್ನ ಪಟ್ಟಿಯಲ್ಲಿ ಅಂಥವು ಎಷ್ಟಿವೆ ನೋಡಿಕೋ. ಕೋಚ್‌ಗೆ ಕೇಳಲು ನಾಚಿಕೆಪಡಬೇಡ.

ನನಗೆ ಜಾಸ್ತಿ ಚಿಂತೆ ಇರುವುದು ಎನ್‌ಸಿಎಎ ಈಗ ಕೇಳುವ ಹೈಸ್ಕೂಲಿನ 16 ಮುಖ್ಯ ಕೋರ್ಸುಗಳದ್ದು. ಡಿವಿಷನ್ ಒಂದಕ್ಕೆ ಅವುಗಳಲ್ಲಿ 2.3 ಸರಾಸರಿ ಬೇಕು. ಹತ್ತು ಕೋರ್ಸು ಹನ್ನೆರಡನೇ ತರಗತಿಗೆ ಮುಂಚೆಯೇ ಮುಗಿದಿರಬೇಕು, ಅದರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನವೇ ಆಗಿರಬೇಕು. ಶಾಲೆಯಲ್ಲಿ ಪಾಸಾದದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಒಪ್ಪಿಗೆಯಾದ ಕೋರ್ಸುಗಳ ಪಟ್ಟಿ ಕೌನ್ಸೆಲರ್ ಹತ್ತಿರ ಕೇಳು. ಇದೆಲ್ಲ ನಿನಗೆ ಗೊತ್ತಿರಬಹುದು, ಮುದುಕಿ ಹೇಳಿದ್ದನ್ನೇ ಹೇಳುತ್ತಾಳೆ ಅಂದುಕೋ.

ಪರೀಕ್ಷೆ ಇನ್ನೊಂದು ಸಲ ಬರೆಯುವುದು ಬಿಡುವುದು ನಿನ್ನಿಷ್ಟ. 1010 ಬಂತು ಅಂತ ಒಂದು ಬೆಳಗ್ಗೆಯೂ ಪೂಲ್ ತಪ್ಪಿಸಬೇಡ. ಬರೆಯುವುದಾದರೆ, ಗಣಿತದಲ್ಲಿ ಎಲ್ಲಿ ಸಿಕ್ಕಿಕೊಂಡೆಯೋ ಆ ಲೆಕ್ಕದ ಫೋಟೋ ತೆಗೆದು ಕಳಿಸು, ರಾತ್ರಿ ಎಷ್ಟು ಹೊತ್ತಾದರೂ ಸರಿ. ಇಂಗ್ಲಿಷ್ ಪದ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇನೆ. ಇಬ್ಬರೂ ಕೂತು ಹುಡುಕೋಣ.

ನಿನ್ನ
ದೊಡ್ಡಮ್ಮ