ಹಳಿಯ ಚರಿತ್ರೆ 1825ರಲ್ಲಿ ಶುರುವಾಗಲಿಲ್ಲ

ಮಾನ್ಯ ಸಂಪಾದಕರೇ,

ರೈಲಿಗೆ ಇನ್ನೂರು ವರ್ಷ ತುಂಬಿದ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. 1825ರಲ್ಲಿ ಇಂಗ್ಲೆಂಡಿನಲ್ಲಿ ತೆರೆದ ಸ್ಟಾಕ್‌ಟನ್–ಡಾರ್ಲಿಂಗ್ಟನ್ ಮಾರ್ಗದಿಂದಲೇ ಹಳಿಯ ಕಥೆ ಶುರುವಾಯಿತು ಎಂಬ ಮಾತಿಗೆ ಮಾತ್ರ ನನ್ನ ತಕರಾರು. ಉಗಿ ಎಂಜಿನ್ ಓಡಿದ ಸಾರ್ವಜನಿಕ ಮಾರ್ಗದ ಲೆಕ್ಕಕ್ಕೆ ಆ ವರ್ಷ ಸರಿ. ಆದರೆ ಸರಕು ಸಾಗಿಸುವ ಹಳಿ ಅದಕ್ಕಿಂತ ಬಹಳ ಹಳೆಯದು. ಗೂಡ್ಸ್ ಗಾರ್ಡ್ ಆಗಿ ನಿವೃತ್ತನಾದ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಸರಕು ಹೊತ್ತ ಗಾಡಿಯನ್ನು ಪಕ್ಕದ ಲೂಪ್ ಲೈನಿಗೆ ತಳ್ಳಿ ಕಾಯಿಸುವುದು ಎಲ್ಲ ಕಾಲದ ರೂಢಿ.

ಸ್ಕಾಟ್ಲೆಂಡಿನಲ್ಲಿ ಎಡಿನ್‌ಬರೋದ ಪೂರ್ವಕ್ಕೆ ಟ್ರನೆಂಟ್ ಎಂಬ ಊರಿದೆ. ಅಲ್ಲಿನ ಕಲ್ಲಿದ್ದಲು ಗಣಿಗಳಿಂದ ಕಾಕೆನ್ಜಿಯ ಕಡಲತೀರಕ್ಕೆ 1722ರಲ್ಲೇ ಹಳಿ ಬಿದ್ದಿತ್ತು. ಉದ್ದ ಸುಮಾರು ನಾಲ್ಕು ಕಿಲೋಮೀಟರ್. ಹಳಿಯೂ ಮರದ್ದೇ, ಅದರಡಿ ಅಡ್ಡಲಾಗಿ ಹಾಸುವ ಸ್ಲೀಪರೂ ಮರದ್ದೇ. ಇಂಗ್ಲೆಂಡಿನ ಗಣಿಗಳಲ್ಲಿ ಇಂಥವು ಮೊದಲೇ ಇದ್ದವು. ಸ್ಕಾಟ್ಲೆಂಡಿಗೆ ಇದೇ ಮೊದಲನೆಯದು. ಊರು ಎತ್ತರದಲ್ಲಿ, ಕಡಲು ತಗ್ಗಿನಲ್ಲಿ. ಹಾಗಾಗಿ ತುಂಬಿದ ಬಂಡಿ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಬ್ರೇಕ್ ಹಾಕಲು ಒಬ್ಬ ಆಳು ಸಾಕು. ಖಾಲಿ ಬಂಡಿಯನ್ನು ಕುದುರೆ ಮೇಲಕ್ಕೆಳೆಯುತ್ತಿತ್ತು.

ಅಷ್ಟು ಕಲ್ಲಿದ್ದಲು ಕಡಲ ದಂಡೆಯಲ್ಲಿ ಯಾಕೆ ಬೇಕಿತ್ತು? ಉಪ್ಪಿಗೆ. ನಮ್ಮ ಸಾಣಿಕಟ್ಟೆಯಲ್ಲಿ ಬಿಸಿಲು ಮಾಡುವ ಕೆಲಸವನ್ನು ಅಲ್ಲಿ ಬೆಂಕಿಯೇ ಮಾಡಬೇಕು. ಅಗಲವಾದ ಕಬ್ಬಿಣದ ಬಾಣಲೆಗೆ ಸಮುದ್ರದ ನೀರು ತುಂಬಿ, ಕೆಳಗೆ ಉರಿ ಹಾಕಿ ಕುದಿಸುತ್ತಿದ್ದರು. ಕೊಳೆ ನೊರೆಗಟ್ಟಿ ಮೇಲೆ ಬರಲೆಂದು ದನದ ರಕ್ತವನ್ನೂ ಸುರಿಯುತ್ತಿದ್ದರಂತೆ.

ಹಳಿ ಹಾಕಿದ ಯಾರ್ಕ್ ಬಿಲ್ಡಿಂಗ್ಸ್ ಕಂಪನಿ ಮೂಲತಃ ಲಂಡನ್ನಿಗೆ ಥೇಮ್ಸ್ ನೀರು ಪೂರೈಸುತ್ತಿದ್ದ ಸಂಸ್ಥೆ. ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಗದ್ದುಗೆಗೇರಿಸಲು ನಡೆದ 1715ರ ಜಾಕೋಬೈಟ್ ದಂಗೆಯಲ್ಲಿ ಸೇರಿದ್ದಕ್ಕಾಗಿ ಈ ಭಾಗದ ಒಡೆಯ ವಿಂಟನ್ ಅರ್ಲ್‌ನ ಜಮೀನು ಮುಟ್ಟುಗೋಲಾಯಿತು; ಅದನ್ನು ಕಂಪನಿ ಕೊಂಡುಕೊಂಡಿತು. ಮರಣದಂಡನೆಗೆ ಗುರಿಯಾಗಿದ್ದ ಅರ್ಲ್ ಲಂಡನ್ ಗೋಪುರದ ಸೆರೆಯಿಂದ ತಪ್ಪಿಸಿಕೊಂಡು ಹೋದ. ಕೂಲಿಗಳಿಗೆ ಆ ದಾರಿ ಇರಲಿಲ್ಲ. 1606ರ ಕಾನೂನಿನಂತೆ ಗಣಿಯವರೂ ಉಪ್ಪಿನವರೂ ಧಣಿಗೆ ಕಟ್ಟುಬಿದ್ದ ಜೀತದಾಳುಗಳು. ಗಣಿ ಕೈಬದಲಾದರೆ ಅವರೂ ಜೊತೆಗೇ ಕೈಬದಲಾಗುತ್ತಿದ್ದರು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ರೈಲಿನ ಉತ್ಸವಗಳಲ್ಲಿ ಈ ಸಂಗತಿಯನ್ನು ಎತ್ತುವವರು ಕಡಿಮೆ.

1745ರ ಸೆಪ್ಟೆಂಬರ್ 21ರಂದು ಅದೇ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನ ಪಡೆ ಸರ್ಕಾರಿ ಸೇನಾಪತಿ ಕೋಪ್‌ನನ್ನು ಸೋಲಿಸಿದ ಪ್ರೆಸ್ಟನ್‌ಪ್ಯಾನ್ಸ್ ಕದನ ನಡೆದದ್ದೂ ಈ ಹಳಿಯ ಆಸುಪಾಸಿನಲ್ಲೇ. ಸ್ಟಾಕ್‌ಟನ್ನಿನಲ್ಲಿ ಎಂಜಿನ್ ಕೂಗುವುದಕ್ಕೆ ಇನ್ನೂ ಎಂಬತ್ತು ವರ್ಷ ಬಾಕಿ ಇತ್ತು.

ಕಂಪನಿ ದಿವಾಳಿಯಾದ ಬಳಿಕ ಗಣಿ, ಹಳಿ ಎಲ್ಲವೂ ಕ್ಯಾಡೆಲ್ ಮನೆತನಕ್ಕೆ ಹೋದವು. 1815ರಲ್ಲಿ ಮರದ ಹಳಿ ತೆಗೆದು ಕಬ್ಬಿಣದ್ದು ಹಾಕಿದರು. 1830ರ ದಶಕದಲ್ಲಿ ದೀಪಸ್ತಂಭಗಳಿಗೆ ಹೆಸರಾದ ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್ ಕಾಕೆನ್ಜಿ ಬಂದರನ್ನು ಹೊಸದಾಗಿ ಕಟ್ಟಿಸಿದ. ಆ ಶತಮಾನದಲ್ಲೇ ಹಳಿಯ ಕೆಲಸವೂ ಮುಗಿಯಿತು.

ಇತ್ತೀಚೆಗೆ ಸ್ಥಳೀಯ ಆಸಕ್ತರ ಗುಂಪೊಂದು ಅಲ್ಲಿ ಉತ್ಖನನ ನಡೆಸಿದಾಗ ಮರದ ಹಳಿಯ ಗುರುತುಗಳೂ, ಕುದುರೆ ನಡೆಯಲೆಂದು ನಡುವೆ ಹಾಸಿದ್ದ ಕಲ್ಲುಗಳೂ ಸಿಕ್ಕಿವೆ. ಹಳೆಯ ಮಾರ್ಗದ ಬಹುಭಾಗ ಈಗ ಕಾಲುದಾರಿ. ಎಡಿನ್‌ಬರೋದಲ್ಲಿರುವ ಕನ್ನಡಿಗರು ಬಸ್ಸಿನಲ್ಲಿ ಟ್ರನೆಂಟಿಗೆ ಹೋಗಿ ಅಲ್ಲಿಂದ ಕಡಲವರೆಗೆ ನಡೆಯಬಹುದು, ದಾರಿಯೆಲ್ಲ ಇಳಿಜಾರು. ಅವರಲ್ಲಿ ಯಾರಾದರೂ ಚಿತ್ರಸಹಿತ ಬರೆದು ಕಳುಹಿಸಿದರೆ ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಗೂಡ್ಸ್ ಗಾರ್ಡ್, ಹುಬ್ಬಳ್ಳಿ