ಕೆಟ್ಟಿರುವುದು ಹುಲ್ಲಲ್ಲ, ಅದರ ಅಡಿ: ಹಿತ್ತಿಲ ಗಾಲ್ಫ್ ಪಟ್ಟಿಂಗ್ ಗ್ರೀನ್ ಬಗ್ಗೆ ದೂರು

ಇಂದ: ಗ್ರಾಹಕರು, ಬದಿಯಡ್ಕ ಸಮೀಪ, ಕಾಸರಗೋಡು ಜಿಲ್ಲೆ
ಇವರಿಗೆ: ವ್ಯವಸ್ಥಾಪಕರು, ಕೃತಕ ಹುಲ್ಲುಹಾಸು ಅಳವಡಿಸುವ ಸಂಸ್ಥೆ

ವಿಷಯ: 6 ಮೀ. × 4 ಮೀ. ಪಟ್ಟಿಂಗ್ ಗ್ರೀನ್‌ನ ತಳಪಾಯ, ಜೋಡಣೆ, ಹೊಯಿಗೆಯಲ್ಲಿನ (ಹುಲ್ಲಿನ ಎಳೆಗಳ ನಡುವೆ ತುಂಬುವ ಮರಳಿನಲ್ಲಿನ) ಲೋಪ. ಎಬ್ಬಿಸಿ ಪುನಃ ಹಾಕಿಕೊಡುವ ಬಗ್ಗೆ.

ಮಾನ್ಯರೇ,

ಏಪ್ರಿಲ್ ಕೊನೆಗೆ ನೀವು ಮುಗಿಸಿಕೊಟ್ಟ ಪಟ್ಟಿಂಗ್ ಗ್ರೀನ್, ಅಂದರೆ ಗಾಲ್ಫ್ ಚೆಂಡನ್ನು ನೆಲದ ಕಪ್‌ಗೆ ಉರುಳಿಸಿ ಆಡುವ ಕೃತಕ ಹುಲ್ಲಿನ ಅಂಗಳ, ಜೂನ್ ತಿಂಗಳ ಮಳೆಯನ್ನೂ ತಾಳಲಿಲ್ಲ. ಇನ್ನೆರಡು ಚೀಲ ಹೊಯಿಗೆ ಉದುರಿಸಿದರೆ ಸರಿಯಾಗುತ್ತದೆ ಎಂದು ನಿಮ್ಮ ಕಡೆಯವರು ಫೋನಿನಲ್ಲಿ ಹೇಳಿದ್ದಾರೆ. ಸರಿಯಾಗುವುದಿಲ್ಲ. ಯಾಕೆ ಎಂಬುದನ್ನು ಅಳತೆ ಸಹಿತ ಕೆಳಗೆ ಬರೆದಿದ್ದೇನೆ.

ಒಪ್ಪಂದದಲ್ಲಿ ತಳಪಾಯಕ್ಕೆ ಇದ್ದದ್ದು ಇಷ್ಟು: 100 ಮಿ.ಮೀ. ಅಗೆತ, ಮಣ್ಣು ಜಲ್ಲಿಗೆ ಬೆರೆಯದಂತೆ ತಡೆದು ನೀರು ಮಾತ್ರ ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ದಮ್ಮಾಸು ಮಾಡಿದ (ಅದುಮಿ ಗಟ್ಟಿ ಮಾಡಿದ) 75 ಮಿ.ಮೀ. ಜಲ್ಲಿ, ಅದರ ಮೇಲೆ 25 ಮಿ.ಮೀ. ಜಲ್ಲಿಪುಡಿ. 24 ಚದರ ಮೀಟರಿಗೆ 75 ಮಿ.ಮೀ. ಎಂದರೆ 1.8 ಘನ ಮೀಟರ್, ಸುಮಾರು 64 ಘನ ಅಡಿ. ದಮ್ಮಾಸಿನಲ್ಲಿ ಕುಗ್ಗುವುದನ್ನು ಸೇರಿಸಿದರೆ ಬಿಡಿ ಜಲ್ಲಿ 75ರಿಂದ 80 ಘನ ಅಡಿ ಬೇಕು. ನಿಮ್ಮ ಬಿಲ್ಲಿನಲ್ಲೇ ಇರುವುದು 35. ಅಂಚನ್ನು ಮೂರು ಕಡೆ ಎಬ್ಬಿಸಿ ನೋಡಿದಾಗ ಜಲ್ಲಿಯ ದಪ್ಪ 30, 35, 30 ಮಿ.ಮೀ. ಬಂತು. ಬಟ್ಟೆ ಎಲ್ಲಿಯೂ ಇಲ್ಲ.

ಬಟ್ಟೆ ಹಾಕದ್ದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಮನೆ ಕಟ್ಟುವಾಗ ಪಂಚಾಂಗ (ಅಡಿಪಾಯ) ತೋಡಿದ ಕೆಂಪು ಮಣ್ಣನ್ನೇ ಆ ಮೂಲೆಗೆ ತುಂಬಿಸಿದ್ದು ಎಂದು ನಿಮಗೆ ಮೊದಲೇ ತಿಳಿಸಲಾಗಿತ್ತು. ತುಂಬಿಸಿದ ಮುರಮಣ್ಣು ಬೇಸಗೆಯಲ್ಲಿ ಕಲ್ಲಿನಷ್ಟು ಗಟ್ಟಿ ಕಾಣುತ್ತದೆ, ಮಳೆ ಹಿಡಿದರೆ ಮೆತ್ತಗಾಗುತ್ತದೆ. ನಡುವೆ ಬಟ್ಟೆ ಇಲ್ಲದಿದ್ದರೆ ಜಲ್ಲಿ ಕೆಳಗೆ ಇಳಿಯುತ್ತದೆ, ಕೆಸರು ಜಲ್ಲಿಯ ಸಂದಿಗೆ ಏರುತ್ತದೆ, ನೀರು ಹೋಗಲು ದಾರಿ ಉಳಿಯುವುದಿಲ್ಲ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬರುವ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರಲೇಬೇಕಾದ ವಿಷಯ. ಮಣ್ಣಿಗೆ ಒಮ್ಮೆ, ಜಲ್ಲಿಯ ಎರಡು ಪದರಗಳಿಗೆ ಬೇರೆ ಬೇರೆಯಾಗಿ, ಪುಡಿಗೆ ನೀರು ಚಿಮುಕಿಸಿ ಮತ್ತೊಮ್ಮೆ ಪ್ಲೇಟ್ ಕಂಪ್ಯಾಕ್ಟರ್ (ನೆಲ ಅದುಮುವ ಯಂತ್ರ) ಓಡಬೇಕಿತ್ತು. ಓಡಿದ್ದು ಕೊನೆಯಲ್ಲಿ ಒಂದೇ ಸಲ.

ಇದರ ಫಲ ನೀರು ತುಂಬಿದ ನಳಿಗೆಯಿಂದ ಮಟ್ಟ ನೋಡುವ ಟ್ಯೂಬ್ ಲೆವೆಲ್‌ನಲ್ಲಿ ಕಾಣುತ್ತದೆ. 4 ಮೀಟರ್ ಅಗಲಕ್ಕೆ ಶೇ. 1.5 ಇಳಿಜಾರು ಎಂದರೆ 60 ಮಿ.ಮೀ. ಇಳಿಯಬೇಕು. ಈಗ ಇರುವುದು 18. ನಡುಭಾಗವಂತೂ ಕೆಳಗಿನ ಅಂಚಿಗಿಂತಲೂ 11 ಮಿ.ಮೀ. ತಗ್ಗು. ಮಳೆ ನಿಂತು ಮೂರು ಗಂಟೆಯಾದರೂ ಅಲ್ಲಿ ನೀರು ಹಾಗೆಯೇ ಇರುತ್ತದೆ. ಆ ತಗ್ಗಿಗೆ ಹೊಯಿಗೆ ಸುರಿದರೆ ಹುಲ್ಲಿನ ಎಳೆಗಳು ಹೂತು ಹೋಗುತ್ತವೆ, ತಗ್ಗು ತಗ್ಗಾಗಿಯೇ ಉಳಿಯುತ್ತದೆ.

ಕಪ್‌ಗಳ ಸ್ಥಿತಿಯೂ ಅದೇ ಕಾರಣದಿಂದ ಕೆಟ್ಟಿದೆ. 108 ಮಿ.ಮೀ. ವ್ಯಾಸದ ಮೂರು ಕಪ್‌ಗಳನ್ನು ಕಾಂಕ್ರೀಟಿನಲ್ಲಿ ಕೂರಿಸಿದ್ದೀರಿ. ಅದು ಸರಿ. ಆದರೆ ಕಾಂಕ್ರೀಟು ನಿಂತಲ್ಲಿ ನಿಂತಿದೆ, ಸುತ್ತಲಿನ ನೆಲ ಕುಸಿದಿದೆ. ಎರಡು ಕಪ್‌ಗಳ ಬಾಯಿ 4 ಮಿ.ಮೀ. ಎದ್ದು ಕಾಣುತ್ತದೆ. ನಿಧಾನವಾಗಿ ಬಂದ ಚೆಂಡು ಬಾಯಿಗೆ ತಾಗಿ ಪಕ್ಕಕ್ಕೆ ಹೊರಳುತ್ತದೆ. ಕಪ್‌ನ ತಳದ ತೂತು ಸಿಮೆಂಟಿನಿಂದ ಮುಚ್ಚಿದೆ, ಅಡಿಯಲ್ಲಿ ಜಲ್ಲಿ ಗುಂಡಿಯೂ ಇಲ್ಲ. ಒಳಗೆ ಸದಾ ನೀರು. ಸೊಳ್ಳೆ ಮರಿಯಾಗಬಾರದೆಂದು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನೂ ಕವುಚಿ ಹಾಕುವ ಊರು ಇದು. ಮನೆಯ ಹಿಂದೆಯೇ ಹೀಗೆ ಮೂರು ಪಾತ್ರೆ ನೀರು ನಿಲ್ಲಿಸಿ ಹೋಗಿದ್ದೀರಿ.

ಇನ್ನು ಜೋಡಣೆ. 2 ಮೀಟರ್ ಅಗಲದ ಎರಡು ಪಟ್ಟಿಗಳ ಹುಲ್ಲು ಒಂದೇ ದಿಕ್ಕಿಗೆ ಬಾಗಿರಬೇಕು. ನೀವು ಒಂದನ್ನು ತಿರುಗಿಸಿ ಹಾಸಿದ್ದೀರಿ. ಎರಡು ಪಟ್ಟಿಗಳ ಬಣ್ಣ ಬೇರೆ ಬೇರೆ ಕಾಣುತ್ತದೆ ಎಂದಾಗ, ಆ ವ್ಯತ್ಯಾಸ ಬೆಳಕಿನದು ಎಂದಿರಿ. ಹಾಗಾದರೆ ಇದನ್ನು ನೋಡಿ: ಚೆಂಡು ಎಷ್ಟು ದೂರ ಉರುಳುತ್ತದೆ ಎಂದು ನೋಡಿ ಹುಲ್ಲಿನ ವೇಗ ಅಳೆಯುವ 36 ಇಂಚಿನ ಸ್ಟಿಂಪ್‌ಮೀಟರ್‌ನಿಂದ ಪಟ್ಟಿಯ ಉದ್ದಕ್ಕೆ, ಅಂದರೆ ಇಳಿಜಾರಿಲ್ಲದ ದಿಕ್ಕಿಗೆ, ಮೂರು ಮೂರು ಚೆಂಡು ಬಿಟ್ಟಾಗ ಒಂದು ಪಟ್ಟಿಯಲ್ಲಿ ಸರಾಸರಿ 10.5 ಅಡಿ, ಪಕ್ಕದ್ದರಲ್ಲಿ 7.5 ಅಡಿ ಉರುಳಿತು. ಎದುರು ತುದಿಯಿಂದ ಬಿಟ್ಟಾಗ ಅಂಕಿಗಳು ಅದಲು ಬದಲಾದವು. ನೆಲದ ದೋಷವಾಗಿದ್ದರೆ ಎರಡೂ ಪಟ್ಟಿಗಳು ಒಂದೇ ಕಡೆಗೆ ವೇಗವಾಗಿರುತ್ತಿದ್ದವು. ಬಿಸಿಲಿನ ಬೆಳಕು ಚೆಂಡನ್ನು ಮೂರು ಅಡಿ ಹಿಂದೆ ನಿಲ್ಲಿಸುವುದಿಲ್ಲ.

ಹೊಯಿಗೆಯ ಲೆಕ್ಕವೂ ತಪ್ಪಿದೆ. ಚದರ ಮೀಟರಿಗೆ 12 ಕಿಲೋದಂತೆ 288 ಕಿಲೋ, ಅಂದರೆ 25 ಕಿಲೋದ 12 ಚೀಲ, ತೊಳೆದು ಒಣಗಿಸಿದ ದುಂಡು ಕಣದ ಸಿಲಿಕಾ ಎಂದು ಬರೆದಿತ್ತು. ಬಂದದ್ದು ಐದು ಚೀಲ. ಉಳಿದದ್ದು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು). ಒಂದು ಹಿಡಿ ತೆಗೆದು ಗಾಜಿನ ಭರಣಿಯ ನೀರಿಗೆ ಹಾಕಿ ಕಲಕಿದರೆ ಬೂದು ರಾಡಿಯಾಗುತ್ತದೆ. ಆ ಹುಡಿಯೇ ಹುಲ್ಲುಹಾಸಿನ ತಳದ ತೂತುಗಳನ್ನು ಕಟ್ಟುತ್ತದೆ, ಅದರ ಮೊನಚು ಕಣಗಳು ಎಳೆಯನ್ನು ತೇಯುತ್ತವೆ.

ಈಗ ಮಳೆಯ ನಡುವೆ ಬಂದು ತೇಪೆ ಹಾಕುವುದು ಬೇಡ. ಒದ್ದೆ ತಳಕ್ಕೆ ಪಟ್ಟಿಗಳನ್ನು ಜೋಡಿಸುವ ಸೀಮ್ ಟೇಪಿನ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸದ್ಯಕ್ಕೆ ಮೇಲ್ಭಾಗದಲ್ಲಿ ಒಂದು ಅಡಿ ಆಳದ ಕಣಿ ಕಡಿದು ಗುಡ್ಡದ ನೀರು ಆಚೆ ಹೋಗುವಂತೆ ಮಾಡಿ, ಕಪ್‌ಗಳ ತೂತು ಬಿಡಿಸಿ. ತುಲಾ ಮಳೆ (ಅಕ್ಟೋಬರ್-ನವೆಂಬರ್ ಮಳೆ) ಮುಗಿದ ಮೇಲೆ, ಡಿಸೆಂಬರಿನಲ್ಲಿ, ಹುಲ್ಲುಹಾಸು ಎಬ್ಬಿಸಿ ಒಪ್ಪಂದದಂತೆ ಅಡಿಯಿಂದ ಕೆಲಸ ಮಾಡಿ. ಪ್ರತಿ ಪದರವನ್ನೂ ಮುಚ್ಚುವ ಮೊದಲು ಅಳತೆ ತೋರಿಸಬೇಕು. 3 ಮೀಟರಿನ ನೇರ ಪಟ್ಟಿ ಇಟ್ಟಾಗ 4 ಮಿ.ಮೀ.ಗಿಂತ ಹೆಚ್ಚು ಸಂದಿ ಕಾಣಬಾರದು. ಹುಲ್ಲುಹಾಸು ಹರಿಯದೆ ಎದ್ದು ಬಂದರೆ, ಅದರೊಳಗಿನ ಎಂ-ಸ್ಯಾಂಡ್ ಕೊಡವಿ ತೊಳೆದು, ಒಂದು ಪಟ್ಟಿಯನ್ನು ತಿರುಗಿಸಿ ಅದನ್ನೇ ಹಾಸಬಹುದು, ಹೊಸದಕ್ಕೆ ಒತ್ತಾಯವಿಲ್ಲ.

ಬಾಕಿ ಶೇ. 20 ಹಣವನ್ನು ಅಲ್ಲಿಯವರೆಗೆ ಕೊಡಲಾಗುವುದಿಲ್ಲ. ಈ ಪತ್ರ ತಲುಪಿದ 15 ದಿನಗಳೊಳಗೆ ಕೆಲಸದ ದಿನಾಂಕವನ್ನು ಬರವಣಿಗೆಯಲ್ಲಿ ತಿಳಿಸಿ. ತಿಳಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲಾಗುವುದು. ಪತ್ರ ಕನ್ನಡದಲ್ಲಿದೆ, ನಿಮ್ಮ ಮೇಸ್ತ್ರಿಗೆ ಮಲಯಾಳದಲ್ಲಿ ಓದಿ ಹೇಳುವಾಗ ದಯವಿಟ್ಟು ಅಂಕಿಗಳನ್ನು ಒಂದೂ ಬಿಡದೆ ಹೇಳಿ.

ಇತಿ,
ಗ್ರಾಹಕರು

ಲಗತ್ತು: ಒಪ್ಪಂದ ಮತ್ತು ಬಿಲ್ಲಿನ ಪ್ರತಿ, ಅಂಚು ಎಬ್ಬಿಸಿದ ಮೂರು ಜಾಗದ ಫೋಟೋ, ಅಳತೆಯ ಪಟ್ಟಿ.